ಅಮ್ಮ ಎತ್ತಿಕೊಟ್ಟ ಮಾತು

ನಮ್ಮಮ್ಮನಿಗೆ ಒಂದು ಕೆಟ್ಟ ಅಭ್ಯಾಸವಿದೆ. ಎದುರಿಗಿರುವವರು ಮಾತಿನ ನಡುವೆ ಒಂದು ಗಳಿಗೆ ತಡವರಿಸಿದರೆ ಸಾಕು, ಮುಂದಿನ ಪದವನ್ನು ಎತ್ತಿಕೊಟ್ಟುಬಿಡುತ್ತಾಳೆ. ಜೋರಾಗಿ ಅಲ್ಲ. ತುಟಿ ಅಲ್ಲಾಡದ ಹಾಗೆ, ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಾಗದ ಹಾಗೆ. ಮೊನ್ನೆ ನಾಗಮಂಗಲದ ಡಾಕ್ಟರೊಬ್ಬರು ಅವಳ ರಿಪೋರ್ಟು ಕೈಯಲ್ಲಿ ಹಿಡಿದು, ವಯಸ್ಸಾದವಳು ಹೆದರಿಕೊಂಡಾಳೆಂಬ ಕನಿಕರದಿಂದ, "ನೋಡಿ ಅಮ್ಮ, ನಿಮಗೆ ಸ್ವಲ್ಪ..." ಎಂದು ನಿಲ್ಲಿಸಿದರು. "ಸಕ್ಕರೆ," ಎಂದಳು ಅಮ್ಮ. "ಹಾಂ, ಸಕ್ಕರೆ. ಹಾಗಾಗಿ ಇನ್ನುಮೇಲೆ ನೀವು..." ಎಂದು ಡಾಕ್ಟರು ಮತ್ತೆ ತಡೆದರು. "ಅನ್ನ ಕಮ್ಮಿ ಮಾಡ್ಬೇಕು," ಎಂದಳು. ಹೀಗೆ ಆ ಪುಣ್ಯಾತ್ಮರು ಪೂರ್ತಿ ಐದು ನಿಮಿಷ, ಅಮ್ಮ ಹೇಳಿಕೊಟ್ಟಿದ್ದನ್ನೇ ಅಮ್ಮನಿಗೆ ತಿಳಿಸಿ ಹೇಳಿ, ಗಂಭೀರವಾಗಿ ಫೀಸು ತೆಗೆದುಕೊಂಡರು.

ತರಕಾರಿಯವನಿಗೂ ಇದೇ ಗತಿ, ಟೀವಿಯಲ್ಲಿ ವಾರ್ತೆ ಓದುವವಳಿಗೂ ಇದೇ ಗತಿ. ವಾರ್ತೆಯವಳಿಗೆ ಕೇಳಿಸುವುದಿಲ್ಲ ಎಂಬುದು ಅವಳ ಅದೃಷ್ಟ. ಇನ್ನು ಇವಳ ಜೊತೆ ಜಗಳವಾಡುವುದಂತೂ ಸಾಧ್ಯವೇ ಇಲ್ಲ. "ನಿನಗೆ ಎಷ್ಟು ಸಲ..." ಎಂದು ನಾನು ಸೊಂಟಕ್ಕೆ ಕೈಯಿಟ್ಟು ಶುರುಮಾಡಿದರೆ, "ಯೋಳಾದು," ಎಂದು ಒಲೆಯ ಕಡೆ ತಿರುಗಿಕೊಂಡು ಅವಳೇ ಮುಗಿಸುತ್ತಾಳೆ. ಬೈಯುವವರಿಗೆ ಇದರಿಂದ ಎಷ್ಟು ಅವಮಾನವಾಗುತ್ತದೆಂದು ನೀವೇ ಯೋಚಿಸಿ.

ಆದರೆ ಇದನ್ನು ಅಭ್ಯಾಸ ಎಂದದ್ದು ನನ್ನ ತಪ್ಪು. ಇದು ಅವಳ ಕಸುಬು.

ನಮ್ಮ ಸೀಮೆಯ ಹಳ್ಳಿ ನಾಟಕ ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಊರಿನ ಗಂಡಸರೆಲ್ಲ ಸೇರಿ ಈ ವರ್ಷ ನಾಟಕ ಆಡಲೇಬೇಕೆಂದು ತೀರ್ಮಾನಿಸುತ್ತಾರೆ. ಮೇಷ್ಟ್ರೊಬ್ಬರು ಹಾರ್ಮೋನಿಯಂ ಹೊತ್ತು ಬಂದು ಮೂರು ತಿಂಗಳು ತಾಲೀಮು ಕೊಡುತ್ತಾರೆ. ಎಲ್ಲರಿಗೂ ರಾಜನ ಪಾರ್ಟೇ ಬೇಕು. ಮಂತ್ರಿಯಾಗಲು ಯಾರೂ ಒಪ್ಪುವುದಿಲ್ಲ, ಸೈನಿಕನಾಗು ಎಂದರೆ ಹೊಡೆದಾಟವಾಗುತ್ತದೆ. ಹಾಗಾಗಿ ಊರಿನಲ್ಲಿ ದೊಡ್ಡ ಮನುಷ್ಯರು ಮೂವರಿದ್ದರೆ ನಾಟಕದಲ್ಲಿ ರಾಜರೂ ಮೂವರು. ಮೊದಲ ನಾಲ್ಕು ಸೀನಿಗೆ ಒಂದನೇ ರಾಜ, ಆಮೇಲೆ ಎರಡನೇ ರಾಜ, ಕೊನೆಗೆ ಮೂರನೇ ರಾಜ. ಕುಳ್ಳಗೆ, ಕಪ್ಪಗೆ ಒಳಗೆ ಹೋದ ಮಹಾರಾಜ ಕಾಲು ಗಂಟೆಯ ಮೇಲೆ ಆರಡಿ ಎತ್ತರವಾಗಿ, ಬೆಳ್ಳಗಾಗಿ ಹೊರಗೆ ಬಂದರೂ ಜನ ಚಕಾರವೆತ್ತುವುದಿಲ್ಲ. ಅದು ರಾಜರ ಮನೆಯ ವಿಚಾರ ಎಂದು ಸುಮ್ಮನೆ ಕಡಲೆಕಾಯಿ ತಿನ್ನುತ್ತಾರೆ.

ರಾಣಿ ಮಾತ್ರ ಒಬ್ಬಳೇ. ಅವಳನ್ನು ಊರ ಹೆಂಗಸರಲ್ಲಿ ಆರಿಸುವುದಿಲ್ಲ, ಶಿವ ಶಿವಾ, ಮಾನವಂತರ ಊರದು. ಹೊರಗಿನಿಂದ ಕರೆಸುತ್ತಾರೆ. ಅವಳು ತಾಲೀಮಿಗೆ ಬರುವುದಿಲ್ಲ. ನಾಟಕದ ದಿನ ಸಾಯಂಕಾಲದ ಬಸ್ಸಿನಿಂದ ಒಂದು ಟ್ರಂಕಿನೊಡನೆ ಇಳಿಯುತ್ತಾಳೆ. ಎಲ್ಲ ನಾಟಕಗಳ ಎಲ್ಲ ಮಾತೂ, ಎಲ್ಲ ಹಾಡೂ ಅವಳಿಗೆ ಬಾಯಿಪಾಠ. ತನ್ನದೂ, ರಾಜನದೂ. ಹಾಗೆ ಇಳಿಯುತ್ತಿದ್ದವಳು ನಮ್ಮಮ್ಮ, ಗಂಜಾಂ ಚಂದ್ರಮ್ಮ. ಟ್ರಂಕಿನ ಜೊತೆಗೆ ಇಳಿಯುತ್ತಿದ್ದ ಇನ್ನೊಂದು ಸಾಮಾನು ನಾನು. ನನ್ನನ್ನು ಪರದೆಯ ಹಿಂದೆ ಒಂದು ಚಾಪೆಯ ಮೇಲೆ ಕೂರಿಸಿ, ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಅಮ್ಮ ಬಣ್ಣ ಹಚ್ಚಿಕೊಳ್ಳಲು ಹೋಗುತ್ತಿದ್ದಳು.

ಪರದೆಯ ಹಿಂದೆ ಕೂತವರಿಗೆ ನಾಟಕದ ಬೆನ್ನು ಕಾಣುತ್ತದೆ. ಮೂರು ತಿಂಗಳು ಗರಡಿ ಮನೆಯಲ್ಲಿ ಗುಡುಗಿದ್ದ ರಾಜ, ಎದುರಿಗೆ ಸಾವಿರ ಮುಖ, ಅದರಲ್ಲೂ ಹೆಂಡತಿಯ ಕಡೆಯ ನೆಂಟರ ಮುಖ ಕಂಡೊಡನೆ ಮಾತು ಮರೆತು ಮೀಸೆ ತಿರುವುತ್ತಾ ನಿಲ್ಲುತ್ತಿದ್ದ. ಆಗ ಅಮ್ಮ ನಾಚಿಕೊಂಡವಳ ಹಾಗೆ ಜನರಿಗೆ ಬೆನ್ನು ಹಾಕಿ, ಸೆರಗು ಸರಿಮಾಡಿಕೊಳ್ಳುತ್ತಾ ಸಾಲು ಎತ್ತಿಕೊಡುತ್ತಿದ್ದಳು. "ಎಲೈ ಸಾರಥಿ," ಎಂದು ಅಮ್ಮನ ಗಂಟಲಿನಿಂದ ಹೊರಟದ್ದು ರಾಜನ ಬಾಯಲ್ಲಿ "ಎಲೈ ಸಾರಥೀ!" ಎಂದು ಸಿಡಿಯುತ್ತಿತ್ತು. ಜನ ಶಿಳ್ಳೆ ಹೊಡೆಯುತ್ತಿದ್ದರು. ಪಾಂಡವಪುರದಿಂದ ಸಂತೆಬಾಚಹಳ್ಳಿಯವರೆಗೆ ಆ ಕಾಲದಲ್ಲಿ ಎಷ್ಟು ರಾಜರು ಅಬ್ಬರಿಸಿದ್ದಾರೋ ಅದರಲ್ಲಿ ಒಂದು ಪಾಲು ನಮ್ಮಮ್ಮನದು. ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ರಾಜರಿಗೆಲ್ಲ ಫೋಟೋ, ಅಪ್ಪನ ಹೆಸರು, ಅಜ್ಜನ ಬಿರುದು. ಕೆಳಗೆ, ಜನರೇಟರಿನವನ ಹೆಸರಿಗಿಂತ ಒಂದು ಸಾಲು ಮೇಲೆ, "ಸ್ತ್ರೀ ಪಾತ್ರಗಳು: ನುರಿತ ಕಲಾವಿದೆಯರಿಂದ" ಎಂದು ಇರುತ್ತಿತ್ತು. ಆ ನುರಿತ ಕಲಾವಿದೆಯರಿಗೆ ಹೆಸರು ಇರುತ್ತಿರಲಿಲ್ಲ.

ಇದನ್ನೆಲ್ಲ ನಾನು ಈಗ ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ನೀವು ಅಂದುಕೊಂಡರೆ ನನಗೆ ಸಂತೋಷ. ಆದರೆ ನಿಜ ಬೇರೆ ಇದೆ. ಆರನೇ ಕ್ಲಾಸಿನಲ್ಲಿ, ಶ್ರೀರಂಗಪಟ್ಟಣದ ಶಾಲೆಯಲ್ಲಿ, ಹಿಂದಿನ ಬೆಂಚಿನ ಹುಡುಗನೊಬ್ಬ ಎಲ್ಲರೆದುರಿಗೆ ಎದ್ದು ನಿಂತು, "ಇವ್ರಮ್ಮ ಮೊನ್ನೆ ನಮ್ಮೂರಲ್ಲಿ ನಮ್ ಚಿಕ್ಕಪ್ಪನ್ ಎಂಡ್ತಿ ಆಗಿದ್ಲು," ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ನಗಲಿಲ್ಲ, ಬೋರ್ಡಿನ ಕಡೆ ತಿರುಗಿಕೊಂಡರು, ಅವರ ಭುಜ ಅಲ್ಲಾಡುತ್ತಿತ್ತು. ಮುಂದಿನ ವರ್ಷ ಬೇರೆ ಶಾಲೆಗೆ ಸೇರಿದಾಗ ತಾಯಿಯ ಉದ್ಯೋಗ ಏನೆಂದು ಕೇಳಿದರು. "ಟೈಲರ್," ಎಂದೆ. ಪೂರ್ತಿ ಸುಳ್ಳೇನಲ್ಲ, ರಾಣಿಯ ರವಿಕೆಗಳನ್ನು ಅಮ್ಮ ತಾನೇ ಹೊಲಿದುಕೊಳ್ಳುತ್ತಿದ್ದಳು. ಅಲ್ಲಿಂದ ಮುಂದೆ ಕಾಲೇಜಿನಲ್ಲೂ ಟೈಲರ್, ಬಿ.ಎಡ್‌ನಲ್ಲೂ ಟೈಲರ್, ಕೆಲಸ ಸಿಕ್ಕಿದ ಮೇಲೆ ಸ್ಟಾಫ್ ರೂಮಿನಲ್ಲೂ ಟೈಲರ್. ಕಟ್ಟಿಕೊಂಡ ಗಂಡನಿಗೆ ಮಾತ್ರ ನಿಜ ಹೇಳಿದ್ದೆ. ಆ ಮನುಷ್ಯ, "ಹೌದಾ? ಯಾವ್ಯಾವ ನಾಟಕ?" ಎಂದು ಕೇಳಿ ನನ್ನ ದೊಡ್ಡ ಗುಟ್ಟನ್ನು ಚಿಲ್ಲರೆ ಮಾಡಿಬಿಟ್ಟರು. ಅದೂ ನನಗೆ ಸಿಟ್ಟೇ.

ಇಂಥ ನಾನು, ದೇವಲಾಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಗಿರಿಜಾ ಮಿಸ್ಸು, ಕಳೆದ ವರ್ಷ ಸಂಗೀತ ನಾಟಕದ ನಿರ್ದೇಶಕಿಯಾದೆ. ಪ್ರತಿಭೆಯಿಂದಲ್ಲ, ಮೀಟಿಂಗಿಗೆ ಹತ್ತು ನಿಮಿಷ ತಡವಾಗಿ ಹೋದದ್ದರಿಂದ. ಸರ್ಕಾರಿ ಶಾಲೆಗಳಲ್ಲಿ ದೊಡ್ಡ ಜವಾಬ್ದಾರಿಗಳು ಬರುವುದೇ ಹೀಗೆ. "ಈ ಸಲ ಸಿನಿಮಾ ಹಾಡಿಗೆ ಕುಣಿಸೋದು ಬೇಡ ಮೇಡಂ," ಎಂದರು ನಮ್ಮ ಹೆಡ್‌ಮಾಸ್ಟರು. "ವಾರ್ಷಿಕೋತ್ಸವಕ್ಕೆ ಹಾಡು ಇರೋ ಅಂಥದ್ದು ಒಂದು ನಾಟಕ ಮಾಡ್ಸಿ. ನೀವು ಲೆಕ್ಕದವರು. ತಾಳ ಅಂದ್ರೂ ಲೆಕ್ಕಾನೇ ತಾನೆ?" ಈ ತರ್ಕಕ್ಕೆ ಇಡೀ ಸ್ಟಾಫು ತಲೆದೂಗಿತು. ತಪ್ಪಿಸಿಕೊಂಡವರ ತಲೆ ಯಾವಾಗಲೂ ಸಲೀಸಾಗಿ ತೂಗುತ್ತದೆ.

ಒಂದು ವಾರ ಪೆನ್ನು ಕಚ್ಚಿ ಕೂತು ನಾಟಕ ಬರೆದೆ. ಹೆಸರು 'ಮರೆಗುಳಿ ಮಹಾರಾಜ.' ಒಬ್ಬ ರಾಜನಿಗೆ ಯಾವ ಮಾತೂ ನೆನಪಿರುವುದಿಲ್ಲ. ಸಿಂಹಾಸನದ ಹಿಂದೆ ಬೀಸಣಿಗೆ ಹಿಡಿದು ನಿಂತ ದಾಸಿ ಪಿಸುಗುಟ್ಟಿದ್ದನ್ನೇ ಅವನು ಗಟ್ಟಿಯಾಗಿ ಹೇಳಿ ಜಾಣನೆನಿಸಿಕೊಳ್ಳುತ್ತಾನೆ. ಒಂದು ದಿನ ದಾಸಿಗೆ ನೆಗಡಿಯಾಗಿ ಗಂಟಲು ಕಟ್ಟುತ್ತದೆ, ರಾಜ್ಯ ಅಲ್ಲೋಲಕಲ್ಲೋಲವಾಗುತ್ತದೆ. ಕೊನೆಗೆ ರಾಜ ತುಂಬಿದ ಸಭೆಯಲ್ಲಿ, ಈ ಮಾತೆಲ್ಲ ನನ್ನದಲ್ಲ, ಇವಳದು ಎಂದು ಒಪ್ಪಿಕೊಳ್ಳುತ್ತಾನೆ. ಓದಿದ ಕನ್ನಡ ಮೇಷ್ಟ್ರು, "ಎಲ್ಲಿಂದ ಹೊಳೆಯಿತು ಮೇಡಂ ಇಂಥ ಕಲ್ಪನೆ?" ಎಂದರು. "ಹೀಗೇ, ಬಸ್ಸಿನಲ್ಲಿ ಬರುವಾಗ," ಎಂದೆ. ಕಾಗದದ ರಾಜನಿಂದ ಸತ್ಯ ಹೇಳಿಸಿ ನಾನು ನೆಮ್ಮದಿಯಾಗಿ ಟೈಲರಮ್ಮನ ಮಗಳಾಗಿಯೇ ಉಳಿದೆ.

ಹಾಡುಗಳಿಗೆ ಧಾಟಿ ಬೇಕಿತ್ತು. ಅದನ್ನೂ ಕದ್ದೆ. ಭಾನುವಾರ ಅವರೆಕಾಯಿ ಸುಲಿಯುತ್ತಾ ಕೂತಾಗ, "ಅಮ್ಮ, ರಾಜ ಬೇಟೆಗೆ ಹೋಗುವಾಗ ಒಂದು ಹಾಡು ಬರ್ತಿತ್ತಲ್ಲ, ಹೇಗದು?" ಎಂದು ಏನೂ ಅರಿಯದವಳ ಹಾಗೆ ಕೇಳುತ್ತಿದ್ದೆ. ಅಮ್ಮ ಗುನುಗುತ್ತಿದ್ದಳು. ಫೋನು ಅವರೆ ಸಿಪ್ಪೆಯ ಕೆಳಗೆ ರೆಕಾರ್ಡು ಮಾಡುತ್ತಿತ್ತು. ನಾಲ್ಕನೇ ಹಾಡಿಗೆ ಅಮ್ಮ, "ಯಾಕವ್ವ, ಇಸ್ಕೂಲಲ್ಲಿ ನಾಟ್ಕ ಆಡುಸ್ತಿದ್ದೀಯಾ?" ಎಂದಳು. ಹೌದೆಂದೆ. ಅಮ್ಮನ ಕೈ ನಿಂತುಹೋಯಿತು. ಮಾರನೆಯ ದಿನ ನೋಡುತ್ತೇನೆ, ಪೆಟ್ಟಿಗೆಯಲ್ಲಿದ್ದ ಹಸಿರು ಅಂಚಿನ ಸೀರೆ ಹಿತ್ತಲ ತಂತಿಯ ಮೇಲೆ ಗಾಳಿಗೆ ಹರಡಿತ್ತು. ಯಾವತ್ತು, ಎಷ್ಟು ಗಂಟೆಗೆ ಎಂದು ಅವಳು ಕೇಳಲಿಲ್ಲ. ಬಾ ಎಂದು ನಾನು ಕರೆಯಲಿಲ್ಲ. ಒಂದು ವಾರದ ಮೇಲೆ ಸೀರೆ ಮಡಿಸಿಕೊಂಡು ತಾನಾಗಿ ಪೆಟ್ಟಿಗೆಗೆ ಹೋಯಿತು.

ಕರೆಯದೇ ಇರಲು ನನಗೆ ಬಲವಾದ ಕಾರಣವಿತ್ತು. ಅದಕ್ಕೆ ಹೆಸರೂ ಇತ್ತು, ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಯ ಅಧ್ಯಕ್ಷರಾದ ತಮ್ಮಣ್ಣಗೌಡರು. ಆಹ್ವಾನ ಪತ್ರಿಕೆ ಕೊಡಲು ನಾನೂ ಹೆಡ್‌ಮಾಸ್ಟರೂ ಅವರ ಮನೆಗೆ ಹೋದಾಗ ನಡುಮನೆಯ ಗೋಡೆಯ ಮೇಲೆ ಕಿರೀಟ ತೊಟ್ಟು, ಗದೆ ಹೊತ್ತ ಗೌಡರ ದೊಡ್ಡ ಫೋಟೋ ಇತ್ತು. ಫೋಟೋದ ಅಂಚಿನಲ್ಲಿ, ಕಟ್ಟು ಹಾಕಿಸುವಾಗ ಕತ್ತರಿಸಿ ಮಿಕ್ಕ ಒಂದು ಮೊಣಕೈ. ಮೊಣಕೈಗಿಂತ ಸ್ವಲ್ಪ ಕೆಳಗೆ ಉದ್ದನೆಯ ಸುಟ್ಟ ಗಾಯದ ಕಲೆ. ಆ ಕಲೆ ಹೇಗಾಯಿತೆಂದು ನನಗೆ ಗೊತ್ತು, ಅಮ್ಮ ನನ್ನನ್ನು ಬಿಸಿ ಗಂಜಿಯ ಪಾತ್ರೆಯಿಂದ ಆಚೆ ಎಳೆಯುವಾಗ ಆದದ್ದು.

"ನೋಡಿ ಮೇಡಮ್ಮೋರೆ," ಎಂದರು ಗೌಡರು, ಕಾಫಿ ಲೋಟ ಫೋಟೋದ ಕಡೆ ಎತ್ತಿ. "ಎರಡ್ನೇ ರಾಜ ನಾನು. ಮೂರ್ ಸಲ ಒನ್ಸ್‌ಮೋರ್ ಆಯ್ತು. ರಾಣಿ ಪಾರ್ಟ್‌ನೋಳು ಗಂಜಾಂ ಕಡೆಯೋಳು. ಎಂಥೆಂಥಾ ರಾಜ್ರ ಜೊತೆ ಆಡಿದ್ಳಂತೆ, ನನ್ ಗತ್ತಿಗೆ ಬೆದ್ರಿ ಬೆನ್ ತಿರುಗುಸ್ಕಂಡ್ ನಿಂತ್ಕಬುಟ್ಳು!"

ಆ ಬೆನ್ನಿನ ಹಿಂದೆ ಚಾಪೆಯ ಮೇಲೆ ಬಿಸ್ಕತ್ತು ತಿನ್ನುತ್ತಿದ್ದವಳು ಬಹುಶಃ ನಾನೇ. "ಬಹಳ ಚೆನ್ನಾಗಿದೆ ಫೋಟೋ," ಎಂದೆ. ಕಾಫಿಯೂ ಚೆನ್ನಾಗಿತ್ತು.

ನಾಟಕಕ್ಕೆ ಮಕ್ಕಳನ್ನು ಆರಿಸುವಾಗ ಈ ಸೀಮೆಯ ನೆಲದ ಗುಣ ತಿಳಿಯಿತು. ರಾಜನ ಪಾರ್ಟಿಗೆ ಹದಿನೇಳು ಹುಡುಗರು. ಮೂವರ ಅಪ್ಪಂದಿರು ಶಾಲೆಗೇ ಬಂದು, ನಮ್ಮುಡುಗ ರಾಜ ಆಗದಿದ್ದರೆ ಟೀಸಿ ಕೊಡಿ ಎಂದರು. ನಾನು ಓದಿದ ಆಧುನಿಕ ಶಿಕ್ಷಣ ಶಾಸ್ತ್ರವನ್ನೆಲ್ಲ ಮಡಿಸಿಟ್ಟು ಒಂದನೇ ರಾಜ, ಎರಡನೇ ರಾಜ, ಮೂರನೇ ರಾಜ ಎಂದು ಬರೆದುಕೊಂಡೆ. ಅಪ್ಪಂದಿರು ಸಮಾಧಾನವಾಗಿ ಮನೆಗೆ ಹೋದರು. ದಾಸಿಯ ಪಾರ್ಟಿಗೆ ಯಾರೂ ಇಲ್ಲ. ನಾಟಕದ ಮುಕ್ಕಾಲು ಪಾಲು ಮಾತು ಅವಳದೇ ಎಂದು ಎಷ್ಟು ಹೇಳಿದರೂ ಕೇಳದೆ, "ನಮ್ಮುಡುಗಿ ದಾಸಿನಾ ಮಿಸ್?" ಎಂದು ತಾಯಂದಿರು ಮುಖ ತಿರುಗಿಸಿದರು. ಕೊನೆಗೆ ಒಂಬತ್ತನೇ ಕ್ಲಾಸಿನ ನಾಜಿಯಾ ಕೈಯೆತ್ತಿದಳು. ಅವಳ ಅಪ್ಪ ಲಗೇಜ್ ಆಟೋ ಓಡಿಸುತ್ತಾರೆ. ನಾನು ಅಳುಕುತ್ತಲೇ ಕೇಳಿದ್ದಕ್ಕೆ, "ದಾಸಿ ಆದ್ರೇನು ಮೇಡಂ, ಡೈಲಾಗ್ ಜಾಸ್ತಿ ಐತಂತಲ್ಲ. ಬಸ್, ನಮ್ ಬೇಟಿಗೆ ಅಷ್ಟು ಸಾಕು," ಎಂದರು. ಇಡೀ ಊರಿನಲ್ಲಿ ನಾಟಕವನ್ನು ಅರ್ಥಮಾಡಿಕೊಂಡ ಗಂಡಸು ಅವರೊಬ್ಬರೇ.

ಇನ್ನು ವಾದ್ಯ. ಸರ್ಕಾರಿ ಶಾಲೆಯಲ್ಲಿರುವ ವಾದ್ಯಗಳೆಂದರೆ ಆಗಸ್ಟ್ ಹದಿನೈದರ ಪೆರೇಡಿನ ಎರಡು ಡ್ರಮ್ಮುಗಳು. ಅವುಗಳ ಒಡೆಯರು ಪಿಟಿ ಮೇಷ್ಟ್ರು. ಅವರಿಗೆ ಬರುವ ತಾಳ ಒಂದೇ, ಲೆಫ್ಟ್ ರೈಟ್ ಲೆಫ್ಟ್. ಹಾಗಾಗಿ ನಮ್ಮ ರಾಜ ಬೇಟೆಗೆ ಹೋದದ್ದೂ ಆ ತಾಳಕ್ಕೆ, ರಾಣಿ ವಿರಹದಲ್ಲಿ ಬೆಂದದ್ದೂ ಆ ತಾಳಕ್ಕೆ. ಅಮ್ಮನ ನಿಧಾನದ ಧಾಟಿಗಳು ಬೂಟು ಹಾಕಿಕೊಂಡು ನಡೆದವು. ನಡುವೆ ಅಭ್ಯಾಸಬಲದಿಂದ ಮೇಷ್ಟ್ರು ಒಮ್ಮೆ ಸೀಟಿ ಊದಿದಾಗ, ವಿರಹದಲ್ಲಿದ್ದ ರಾಣಿ ಸಾವಧಾನ ಸ್ಥಿತಿಯಲ್ಲಿ ನಿಂತುಬಿಟ್ಟಳು.

ನಾಜಿಯಾಳ ತೊಂದರೆ ಬೇರೆ. ಪಿಸುಗುಟ್ಟು ಎಂದರೆ ಯಾರಿಗೂ ಕೇಳಿಸುತ್ತಿರಲಿಲ್ಲ, ಜೋರಾಗಿ ಎಂದರೆ ರಾಜನಿಗಿಂತ ಜೋರು. ಅವಳ ಅಪ್ಪ ಪ್ರತಿ ಭಾನುವಾರ ನಾಗಮಂಗಲಕ್ಕೆ ಲೋಡು ತರುತ್ತಿದ್ದರಾದ್ದರಿಂದ ಒಂದು ಭಾನುವಾರ ಮಗಳನ್ನು ಅಲ್ಲಿಯ ನಮ್ಮ ಮನೆಗೆ ಬಿಟ್ಟುಹೋದರು. ನಾನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದೆ. ನಡುಮನೆಯಿಂದ ಹುಡುಗಿಯ ದನಿ ಕೇಳಿತು.

"ಅಜ್ಜಿ, ನೀವು ಟೈಲರ್ ಅಂತಲ್ಲ? ಮಿಸ್ ಕ್ಲಾಸಲ್ಲಿ ಹೇಳಿದ್ರು. ನನ್ ದಾಸಿ ಲಂಗ ಹೊಲ್ದುಕೊಡ್ತೀರಾ?"

ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ನಾನು ನೋಡುತ್ತಾ ನಿಂತೆ. ಅಮ್ಮ ಮಾತಿಗೆ ತಡವರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಊಂ ಕಣವ್ವ," ಎಂದಳು ಆಮೇಲೆ. "ಬಾ ಇತ್ಲಾಗೆ, ಅಳತೆ ಕೊಡು."

ನಾನು ಚಹಾ ತಂದಿಟ್ಟಾಗ ಅಮ್ಮ ನನ್ನ ಮುಖ ನೋಡಲಿಲ್ಲ. ಹುಡುಗಿಯ ಸೊಂಟಕ್ಕೆ ದಾರ ಸುತ್ತಿ ಅಳೆಯುತ್ತಾ, ಮಾತು ಎತ್ತಿಕೊಡುವುದು ಹೇಗೆಂದು ಹೇಳಿಕೊಡುತ್ತಿದ್ದಳು. "ಬಾಯಿಂದ ಅಲ್ಲ ಕಣವ್ವ, ಗಂಟ್ಲಿಂದ. ಅವ್ನ್ ಕಿವೀಗ್ ಮಾತ್ರ ವೋಗ್ಬೇಕು. ನೀನ್ ಕೊಟ್ಟೆ ಅಂತ ಅವ್ನ್ಗೂ ಗೊತ್ತಾಗ್ಬಾರ್ದು, ನಂದೇ ಮಾತು ಅಂದ್ಕಬೇಕು." ಟೈಲರ್ ಅಜ್ಜಿಗೆ ಇದೆಲ್ಲ ಹೇಗೆ ಗೊತ್ತೆಂದು ಹುಡುಗಿ ಕೇಳಲಿಲ್ಲ. ಹೋಗುವಾಗ, "ಅಜ್ಜಿ, ನಾಟಕಕ್ಕೆ ಬರ್ಲೇಬೇಕು," ಎಂದಳು. ಅಮ್ಮ ನನ್ನ ಕಡೆ ನೋಡಿದಳು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅಷ್ಟು ಸಣ್ಣ ಮನಸ್ಸಿನವಳಾಗಿದ್ದೆ ನಾನು, ಇದನ್ನು ಅಲಂಕಾರವಿಲ್ಲದೆ ಹೇಳುವುದೇ ಸರಿ.

ವಾರ್ಷಿಕೋತ್ಸವದ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ ಎಂದು ಅಚ್ಚಾಗಿತ್ತು, ನಾಲ್ಕೂವರೆಗೆ ಶುರುವಾಯಿತು. ಆಹ್ವಾನ ಪತ್ರಿಕೆಯಲ್ಲಿ ಘನ ಉಪಸ್ಥಿತಿ ಎಂದು ಮೂರು ಪುಟ ಹೆಸರಿದ್ದವು. ನಾಟಕ ಆಡುವ ಮಕ್ಕಳ ಹೆಸರಿಗೆ ಜಾಗ ಸಾಲದೆ "ಶಾಲಾ ಮಕ್ಕಳಿಂದ" ಎಂದು ಹಾಕಿದ್ದರು. ಬರುವುದಾಗಿ ಒಪ್ಪಿದ್ದ ದೊಡ್ಡವರೊಬ್ಬರು ಬರಲಿಲ್ಲ. ಅವರಿಗೆ ತಂದ ಶಾಲು, ಹಾರ, ಹಣ್ಣಿನ ಬುಟ್ಟಿ ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದವು. ಮೈಕಿನವನಿಗೆ ಎಕೋ ಎಂದರೆ ಪ್ರಾಣ. ಯಾರು ಏನು ಹೇಳಿದರೂ ಅದು ಊರ ಹೊರಗಿನ ಬೋರೆ ಗುಡ್ಡಕ್ಕೆ ಹೋಗಿ ಮುಟ್ಟಿ ಬರುತ್ತಿತ್ತು. ನಾನು ಪರದೆಯ ಹಿಂದೆ, ನಾಟಕಕ್ಕೆ ಪೀಠಿಕೆ ಹೇಳಲೆಂದು ಇನ್ನೊಂದು ಮೈಕು ಹಿಡಿದು, ಮೂವರು ರಾಜರಿಗೆ ಮೀಸೆ ಅಂಟಿಸುತ್ತಿದ್ದೆ.

ಪರದೆಯ ಸಂದಿಯಿಂದ ಹಾಗೇ ಒಮ್ಮೆ ಹೊರಗೆ ನೋಡಿದೆ. ಹೆಂಗಸರು ಕೂರುವ ಜಮಖಾನದ ಮೇಲೆ, ನಾಜಿಯಾಳ ತಾಯಿಯ ಪಕ್ಕ, ಹಸಿರು ಅಂಚಿನ ಸೀರೆಯುಟ್ಟು ಅಮ್ಮ ಕೂತಿದ್ದಳು. ಲಗೇಜ್ ಆಟೋದಲ್ಲಿ ಬಂದಿದ್ದಾಳೆ. ಕೈಯಲ್ಲಿದ್ದ ಮೀಸೆ ನನ್ನ ಬೆರಳಿಗೇ ಅಂಟಿಕೊಂಡಿತು. ಆಮೇಲೆ ಲೆಕ್ಕ ಹಾಕಿದೆ: ಗೌಡರು ವೇದಿಕೆಯ ಮೇಲೆ, ಅಮ್ಮ ಐದನೇ ಸಾಲಿನಲ್ಲಿ, ಮೂವತ್ತೈದು ವರ್ಷದ ಹಿಂದಿನ ಮಾತು, ಆಗ ಮುಖದ ತುಂಬ ಬಣ್ಣ. ಗುರುತು ಸಿಗುವುದಿಲ್ಲ. ಮೀಸೆ ಅಂಟಿಸುವುದನ್ನು ಮುಂದುವರಿಸಿದೆ.

ಅಷ್ಟರಲ್ಲಿ ಅಧ್ಯಕ್ಷರ ಭಾಷಣ ಬಂತು. ನಾಟಕ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನಮ್ಮ ಕಡೆಯ ಹಳೇ ರಾಜರು ಸುಮ್ಮನೆ ಕೂತ ಉದಾಹರಣೆ ಇಲ್ಲ. "ಮಕ್ಕುಳ್ ನಾಟ್ಕಕ್ ಮುಂಚೆ ನಂದೂ ಒಂದ್ ಆಡು," ಎಂದು ತಮ್ಮಣ್ಣಗೌಡರು ಪೇಟ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಎತ್ತಿದರು:

"ಯಾರಿಹರು ಎದುರಾಳಿ ಎನಗೆ ಈ ಧರೆಯೊಳಗೆ,
ತೋರಿರೈ ಗಂಡಸನು ನನ್ನ ಕಣ್ಣೆದುರಿಗೆ..."

ದನಿ ಇನ್ನೂ ಗಟ್ಟಿಯಾಗಿತ್ತು. ಎಕೋದಿಂದಾಗಿ ಗಂಡಸು ನಾಲ್ಕು ಸಲ ಕಣ್ಣೆದುರಿಗೆ ಬಂದ. ಅಲ್ಲಿಗೆ ಗೌಡರು ನಿಂತರು. ಬಲಗೈ ಮೀಸೆಗೆ ಹೋಯಿತು. ಹಾಡು ಮುಗಿಯಿತೆಂದುಕೊಂಡು ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದರು. ಗೌಡರು ಬೇಡವೆಂದು ಎಡಗೈ ಎತ್ತಿದರು. ಚಪ್ಪಾಳೆ ನಿಂತಿತು. ಗೌಡರ ಹಣೆಯಲ್ಲಿ ಬೆವರು ಕಾಣಿಸಿತು.

ಆಗ ಹೆಂಗಸರ ಕಡೆಯಿಂದ ಒಂದು ದನಿ ಬಂತು. ಜೋರಿಲ್ಲ. ಆದರೆ ಹೋಗಬೇಕಾದ ಕಡೆಗೆ ನೆಟ್ಟಗೆ ಹೋಗುವ ದನಿ.

"ಸಿಡಿಲ ಇಡಿವೆ, ಮಿಂಚ ಮುಡಿವೆ."

"ಸ್ಸಿಡಿಲ ಹಿಡಿವೆ! ಮಿಂಚ ಮುಡಿವೆ!" ಎಂದು ಗೌಡರು ಗುಡುಗಿದರು. ಯಾರೋ ಕೊಟ್ಟರೆಂದು ಅವರಿಗೆ ತಿಳಿದದ್ದು ಗುಡುಗಿದ ಮೇಲೆ. ಕಣ್ಣು ಬಿಟ್ಟರು. ಜಮಖಾನದ ಕಡೆ ಬಗ್ಗಿ ನೋಡಿದರು. ಮೈಕು ಬಾಯಲ್ಲೇ ಇತ್ತು.

"ಯಾರವ್ವ ಅದು? ಗಂಜಾಂ ಚಂದ್ರಮ್ಮ ಅಲ್ವಾ ನೀವು? ದನಿ ಮರ್ತಿಲ್ಲ ಕಣವ್ವ ನಾನು! ಇಲ್ಲಿ ಯಾರ್ ಮನೇಗ್ ಬಂದಿದ್ದೀರಿ? ಯಾರ್ ಕಡೆಯೋರು?"

ಇಡೀ ಮೈದಾನ ಅಮ್ಮನ ಕಡೆ ತಿರುಗಿತು. ಪರದೆಯ ಸಂದಿಯಲ್ಲಿ ನನ್ನ ಮುಖವಿತ್ತು, ಅಮ್ಮ ಅದನ್ನು ನೋಡಿದಳು. ನೋಡಿ, ನಿಧಾನವಾಗಿ ಎದ್ದು ನಿಂತು, ಸೆರಗು ಸರಿಮಾಡಿಕೊಳ್ಳುತ್ತಾ ನನಗೆ ಬೆನ್ನು ಹಾಕಿದಳು.

"ಇಲ್ಲ ಸ್ವಾಮಿ, ನೀವ್ ಯಾರ್ನೋ ಅಂದ್ಕಂಡ್ರಿ," ಎಂದಳು. "ನಾನು ಟೈಲರು. ಈ ಮಗೀನ್ ಲಂಗ ಒಲ್ದು ಕೊಟ್ಟಿದ್ದೆ, ಎಂಗ್ ಕಾಣ್ತದೆ ನೋಡಾನ ಅಂತ ಬಂದೆ. ಯಾರ್ ಕಡೆಯೋಳೂ ಅಲ್ಲ."

ಅದು ನನ್ನ ಮಾತು. ಏಳನೇ ಕ್ಲಾಸಿನಿಂದ ನಾನು ಕಾಪಾಡಿಕೊಂಡು ಬಂದ ಮಾತು. ರಾಜನಿಗೆ ಎತ್ತಿಕೊಡುವ ಹಾಗೆ, ಒಂದಕ್ಷರ ತಪ್ಪದೆ ಅದನ್ನು ನನಗೆ ಎತ್ತಿಕೊಟ್ಟಿದ್ದಳು. ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ಗೌಡರು "ಓ, ಅಂಗಾ" ಎಂದು ಕೂರುತ್ತಿದ್ದರು, ನಾಟಕ ಶುರುವಾಗುತ್ತಿತ್ತು, ಅಮ್ಮ ಲಗೇಜ್ ಆಟೋ ಹತ್ತಿ ಮನೆಗೆ ಹೋಗಿ ಸೀರೆ ಮಡಿಸಿಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಅವಳ ಬಗ್ಗೆ ಆಗಿದ್ದ ನಾಚಿಕೆ ಅದಲ್ಲ, ಬೇರೆ.

ಮೈಕಿನ ಗುಂಡಿ ಒತ್ತಿದೆ.

"ಅಧ್ಯಕ್ಷರೇ, ಅವರು ಟೈಲರ್ ಅಲ್ಲ. ಟೈಲರ್ ಅಂತ ಸುಳ್ಳು ಹೇಳಿದ್ದು ನಾನು. ಅವರು ಗಂಜಾಂ ಚಂದ್ರಮ್ಮ. ನಮ್ಮಮ್ಮ."

ದನಿ ಒಡೆದುಹೋಯಿತು. ಮೈಕಿನವನ ದಯೆಯಿಂದ ಅದೂ ಬೋರೆಗೆ ಹೋಗಿ, "ಮ್ಮ... ಮ್ಮ... ಮ್ಮ..." ಎಂದು ವಾಪಸು ಬಂತು. ಎರಡನೇ ರಾಜ ಅರ್ಧ ಅಂಟಿದ ಮೀಸೆಯಲ್ಲಿ ನನ್ನನ್ನೇ ನೋಡುತ್ತಿದ್ದ.

ಭೂಮಿ ಬಿರಿಯುತ್ತದೆಂದು ನಾನು ಕಾದೆ. ಏನೂ ಆಗಲಿಲ್ಲ. ಒಂದಿಡೀ ಆಯಸ್ಸು ನಾನು ಹೆದರಿಕೊಂಡಿದ್ದ ಆ ಗಳಿಗೆಯಲ್ಲಿ ಗೌಡರು ತೊಡೆ ತಟ್ಟಿ, "ಯೋಳ್ಲಿಲ್ವಾ ನಾನು! ಅವತ್ತು ನನ್ ಗತ್ತಿಗೆ ಬೆದ್ರಿ ಬೆನ್ ತಿರುಗಿಸ್ದೋರು ಇವ್ರೇ ಕಣ್ರಪ್ಪ!" ಎಂದು ಜಂಬ ಕೊಚ್ಚಿ, ಅದೇ ಉಸಿರಿನಲ್ಲಿ, "ಮುಂದುಕ್ ಏನವ್ವ?" ಎಂದು ಕೇಳಿದರು. ಅಮ್ಮ ಮುಂದಿನ ಸಾಲು ಕೊಟ್ಟಳು. ಅದರ ಮುಂದಿನದನ್ನೂ ಕೊಟ್ಟಳು. ಹೀಗೆ ನಮ್ಮ ನಾಟಕ ಅರ್ಧ ಗಂಟೆ ತಡವಾಯಿತು. ಮಿಕ್ಕಿದ್ದ ಶಾಲು ಕಣ್ಣಿಗೆ ಬಿದ್ದು ಹೆಡ್‌ಮಾಸ್ಟರು ಅಮ್ಮನನ್ನು ವೇದಿಕೆಗೆ ಕರೆದು ಹೊದಿಸಿದರು. "ಇವರು ನಮ್ಮ ಗಿರಿಜಾ ಮೇಡಂ ಅವರ..." ಎಂದು ಅವರು ಗದ್ಗದರಾಗಿ ತಡೆದಾಗ ಅಮ್ಮ, "ತಾಯಿ," ಎಂದು ಎತ್ತಿಕೊಟ್ಟಳು.

ನಾಟಕ ಹೇಗಾಯಿತೆಂದು ಕೇಳುತ್ತೀರೇನೋ. ಪೆರೇಡಿನ ತಾಳಕ್ಕೆ ಚೆನ್ನಾಗಿಯೇ ಆಯಿತು. ಮೂರನೇ ರಾಜ ಕೊನೆಯ ಸೀನಿನಲ್ಲಿ ನಿಜವಾಗಿಯೂ ಮಾತು ಮರೆತು ನಿಂತ. ನಾಜಿಯಾ ಬೀಸಣಿಗೆ ಬೀಸುತ್ತಾ ಬೆನ್ನು ತಿರುಗಿಸಿದಳು. ಅವನು ಗುಡುಗಿದ. ಜನರಿಗೆ ಏನೂ ಗೊತ್ತಾಗಲಿಲ್ಲ. ಜಮಖಾನದ ಮೇಲೆ ಒಬ್ಬಳಿಗೆ ಮಾತ್ರ ಗೊತ್ತಾಯಿತು, ಅವಳು ತೃಪ್ತಿಯಿಂದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ವಾಪಸು ನಾನೂ ಅಮ್ಮನೂ ಬಸ್ಸಿನಲ್ಲಿ ಬಂದೆವು. ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಅಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ಎರಡು ಸ್ಟಾಪು ಕಳೆದ ಮೇಲೆ ಬಾಯಿ ಬಿಟ್ಟಳು.

"ಅಷ್ಟ್ ವರ್ಸ ಆಡಿದ್ದೀನಿ. ನಾನ್ ಎತ್ಕೊಟ್ಟಿದ್ ಮಾತ ಒಬ್ಬ ರಾಜನೂ ಬುಟ್ಟಿರ್ನಿಲ್ಲ ಕಣೆ. ನೀನ್ ಬುಟ್ಬುಟ್ಟೆ."

"ಅಮ್ಮ," ಎಂದೆ. "ನಾನು ಇಷ್ಟು ವರ್ಷ..."

ಮುಂದಿನ ಪದಕ್ಕಾಗಿ ಅವಳ ಕಡೆ ನೋಡಿದೆ. ಡಾಕ್ಟರಿಗೆ ಕೊಡುತ್ತಾಳೆ, ಗೌಡರಿಗೆ ಕೊಡುತ್ತಾಳೆ, ಟೀವಿಯವಳಿಗೂ ಕೊಡುತ್ತಾಳೆ. ನನಗೂ ಕೊಡುತ್ತಾಳೆಂದು ಕಾದೆ. ಬಸ್ಸು ಒಂದು ಸ್ಟಾಪಿನಲ್ಲಿ ನಿಂತಿತು, ಜನ ಇಳಿದರು, ಕಂಡಕ್ಟರು ಸೀಟಿ ಊದಿದ, ಹೊರಟಿತು. ಅಮ್ಮನಿಗೆ ಆ ಪದ ಗೊತ್ತಿತ್ತು. ಗೊತ್ತಿದ್ದೂ ತುಟಿ ಬಿಗಿದುಕೊಂಡು, ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ಎತ್ತಿಕೊಡಲಿಲ್ಲ.

ಕೊನೆಗೆ ನಾನೇ ಹೇಳಬೇಕಾಯಿತು. "ತಪ್ಪು ಮಾಡಿದೆ ಕಣಮ್ಮ."

"ಊಂ," ಎಂದಳು ಅಮ್ಮ. ಶಾಲು ಬಿಚ್ಚಿ ಅರ್ಧ ನನ್ನ ಕಾಲ ಮೇಲೂ ಹೊದಿಸಿದಳು. "ಎರಡ್ನೇ ರಾಜಂಗೆ ಮೀಸೆ ಸರ್ಯಾಗ್ ಅಂಟುಸಿರ್ನಿಲ್ಲ ನೀನು."